ನಿಧಾನಕ್ಕೆ ಓಡಿದ ಹೀರೋ

ಪ್ರಶ್ನೆ: 2024ರಲ್ಲಿ ಬಂದ ‘ದಿ ಫಾಲ್ ಗೈ’ ಸಿನಿಮಾವನ್ನು ಮೊನ್ನೆ ಅಪ್ಪನ ಜೊತೆ ಮನೆಯಲ್ಲಿ ನೋಡಿದೆ. ಸಿನಿಮಾ ಮುಗಿದು ಹೆಸರುಗಳು ಬರುವಾಗ ಪೊಲೀಸ್ ವೇಷದಲ್ಲಿ ವಯಸ್ಸಾದವರೊಬ್ಬರು ಕಾಣಿಸಿಕೊಂಡರು. ಅಪ್ಪ ಎದ್ದು ಕೂತು, “ಇವನೇ ಮಾರಾಯ, ಆ ನಿಧಾನಕ್ಕೆ ಓಡುವವ!” ಎಂದರು. ಗಲ್ಫಿನಲ್ಲಿ ಕೆಲಸಕ್ಕಿದ್ದಾಗ ರೂಮಿನವರೆಲ್ಲ ಸೇರಿ ಕ್ಯಾಸೆಟ್ ತಂದು ಅವರ ಸೀರಿಯಲ್ ನೋಡುತ್ತಿದ್ದರಂತೆ. ಯಾರವರು? ಆ ಸಾಹಸಗಳನ್ನೆಲ್ಲ ನಿಜವಾಗಿ ತಾವೇ ಮಾಡುತ್ತಿದ್ದರಾ? ಅಷ್ಟು ಹೆಸರಿದ್ದವರು ಸಿನಿಮಾದಲ್ಲಿ ಯಾಕೆ ದೊಡ್ಡ ಹೀರೋ ಆಗಲಿಲ್ಲ?
– ಉಡುಪಿಯ ಓದುಗರೊಬ್ಬರು

ಉತ್ತರ: ನಿಮ್ಮ ಅಪ್ಪನ ಕಣ್ಣು ಚುರುಕು. ಅವರು ಲೀ ಮೇಜರ್ಸ್. ಜೊತೆಗಿದ್ದ ಮಹಿಳಾ ಪೊಲೀಸ್ ಹೆದರ್ ಥಾಮಸ್. 1981ರಿಂದ 1986ರವರೆಗೆ ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ ಇದೇ ಹೆಸರಿನ ಸೀರಿಯಲ್ ಬರುತ್ತಿತ್ತು, ಅದರಲ್ಲಿ ಇವರಿಬ್ಬರೂ ಇದ್ದರು. ಈಗ ರಯಾನ್ ಗಾಸ್ಲಿಂಗ್ ಮಾಡಿರುವ ಕೋಲ್ಟ್ ಸೀವರ್ಸ್ ಪಾತ್ರ ಆಗ ಮೇಜರ್ಸ್ ಅವರದ್ದು. ಹಳಬರನ್ನು ಮರೆತಿಲ್ಲ ಅಂತ ತೋರಿಸಲು ಅವರಿಬ್ಬರನ್ನೂ ಕರೆಸಿದ್ದಾರೆ.

ನಿಮ್ಮ ಮೂರು ಪ್ರಶ್ನೆಗಳಲ್ಲಿ ನನಗೆ ಇಷ್ಟವಾದದ್ದು ಎರಡನೆಯದು. ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಆದರೆ ಮೊದಲು ಮನುಷ್ಯ ಯಾರು ಅಂತ ಗೊತ್ತಾಗಬೇಕಲ್ವಾ?

ಹುಟ್ಟಿದ್ದು 1939ರ ಏಪ್ರಿಲ್ 23ರಂದು, ಮಿಷಿಗನ್ ರಾಜ್ಯದ ವಯಾಂಡಾಟ್ ಎಂಬ ಊರಿನಲ್ಲಿ. ಆಗಿನ ಹೆಸರು ಹಾರ್ವೆ ಲೀ ಯೇರಿ. ತಂದೆ ಇವರು ಹುಟ್ಟುವ ಮೊದಲೇ ಕೆಲಸದ ಜಾಗದಲ್ಲಿ ನಡೆದ ಅಪಘಾತದಲ್ಲಿ ತೀರಿಕೊಂಡಿದ್ದರು. ಮಗುವಿಗೆ ಒಂದೂವರೆ ವರ್ಷ ಆಗುವಷ್ಟರಲ್ಲಿ ತಾಯಿಯೂ ಹೋದರು. ಕುಡಿದು ಕಾರು ಓಡಿಸುತ್ತಿದ್ದವನೊಬ್ಬ ಅವರಿಗೆ ಗುದ್ದಿದ್ದ. ಆಮೇಲೆ ಚಿಕ್ಕಪ್ಪನ ಮನೆಯವರು ಮಗುವನ್ನು ದತ್ತು ತೆಗೆದುಕೊಂಡು ಕೆಂಟಕಿ ರಾಜ್ಯದ ಮಿಡಲ್ಸ್‌ಬರೋ ಊರಿಗೆ ಕರೆದುಕೊಂಡು ಹೋದರು. ಹುಡುಗ ಬೆಳೆದದ್ದು ಅಲ್ಲೇ.

ಶಾಲೆಯಲ್ಲಿ ಹುಚ್ಚು ಇದ್ದದ್ದು ಅಮೆರಿಕನ್ ಫುಟ್‌ಬಾಲಿಗೆ. ನಮ್ಮ ಕಾಲ್ಚೆಂಡಿನ ಆಟ ಅಂದುಕೊಳ್ಳಬೇಡಿ. ಮೊಟ್ಟೆ ಆಕಾರದ ಚೆಂಡು ಹಿಡಿದು ಓಡುವವನ ಮೇಲೆ ಐದಾರು ಜನ ಒಟ್ಟಿಗೆ ಬೀಳುವ ಆಟ ಅದು. ಚೆನ್ನಾಗಿ ಆಡುತ್ತಿದ್ದರು, 1957ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯ ಸ್ಕಾಲರ್‌ಶಿಪ್ ಕೊಟ್ಟಿತು. ಎರಡು ವರ್ಷ ಕಳೆದು ಈಸ್ಟರ್ನ್ ಕೆಂಟಕಿ ಎಂಬ ಕಾಲೇಜಿಗೆ ಬಂದರು. ಅಲ್ಲಿ ಆಟದಲ್ಲೇ ಬೆನ್ನಿಗೆ ಭಾರಿ ಪೆಟ್ಟು ಬಿತ್ತು. ಎರಡು ವಾರ ಕೈಕಾಲು ಆಡಿಸಲಾಗದೆ ಮಲಗಿದ್ದರು. ಆಟ ಅಲ್ಲಿಗೆ ಮುಗಿಯಿತು. ಮುಂದೆ ಇವರು ಮಾಡಿದ ಪಾತ್ರಗಳನ್ನು ನೋಡುವಾಗ ಈ ಎರಡು ವಾರ ನೆನಪಿನಲ್ಲಿರಲಿ.

ಆಟ ಹೋದ ಮೇಲೆ ನಾಟಕಕ್ಕೆ ಬಂದರು. ಡ್ಯಾನ್ವಿಲ್ ಎಂಬಲ್ಲಿ ಒಂದು ನಾಟಕ ಮಂದಿರ ಇತ್ತು, ಅಲ್ಲಿ ಪಾತ್ರ ಮಾಡತೊಡಗಿದರು. 1962ರಲ್ಲಿ ಪದವಿ ಮುಗಿಸಿ ಲಾಸ್ ಏಂಜಲೀಸಿಗೆ ಹೊರಟರು. ಅಲ್ಲಿ ಹೊಟ್ಟೆಪಾಡಿಗೆ ಒಂದು ಸಾರ್ವಜನಿಕ ಪಾರ್ಕಿನಲ್ಲಿ ಮಕ್ಕಳ ಆಟೋಟ ನೋಡಿಕೊಳ್ಳುವ ಕೆಲಸ. ಹೆಸರು ಬದಲಾಯಿಸಿಕೊಂಡದ್ದೂ ಆಗಲೇ. ಚಿಕ್ಕಂದಿನಲ್ಲಿ ಆರಾಧಿಸುತ್ತಿದ್ದ ಟೆನೆಸಿಯ ಫುಟ್‌ಬಾಲ್ ಆಟಗಾರ ಜಾನಿ ಮೇಜರ್ಸ್ ಹೆಸರಿನ ಬಾಲವನ್ನು ತಮ್ಮ ಹೆಸರಿಗೆ ಅಂಟಿಸಿಕೊಂಡರು. ಬಿಟ್ಟು ಬಂದ ಆಟವನ್ನು ಹೆಸರಿನಲ್ಲಾದರೂ ಇಟ್ಟುಕೊಳ್ಳೋಣ ಅನ್ನಿಸಿರಬೇಕು.

1964ರಲ್ಲಿ ಸಿಕ್ಕಿದ ಮೊದಲ ಸಿನಿಮಾ ಪಾತ್ರ ತಮಾಷೆಯಾಗಿದೆ. ಚಿತ್ರ ಶುರುವಾಗಿ ಕೆಲವೇ ನಿಮಿಷಕ್ಕೆ ಹೆಂಡತಿ ಕೊಡಲಿಯಿಂದ ಗಂಡನ ತಲೆ ಕಡಿಯುತ್ತಾಳೆ. ಆ ಗಂಡ ಇವರು. ತೆರೆಯ ಮೇಲೆ ಹೆಸರು ಕೂಡ ಹಾಕಿರಲಿಲ್ಲ. ಮರುವರ್ಷವೇ ‘ದಿ ಬಿಗ್ ವ್ಯಾಲಿ’ ಎಂಬ ಕೌಬಾಯ್ ಸೀರಿಯಲ್ಲಿಗೆ ನಾನೂರಕ್ಕೂ ಜಾಸ್ತಿ ಜನರ ನಡುವೆ ಆಯ್ಕೆಯಾದರು. ಬಾರ್ಬರಾ ಸ್ಟ್ಯಾನ್‌ವಿಕ್ ಅಂಥ ದೊಡ್ಡ ನಟಿ ಮನೆಯ ಯಜಮಾನಿ. ಸತ್ತುಹೋದ ಯಜಮಾನನಿಗೆ ಹೊರಗೆ ಹುಟ್ಟಿದ ಮಗ ದೊಡ್ಡವನಾಗಿ ಮನೆ ಬಾಗಿಲಿಗೆ ಬಂದು “ನಾನೂ ಈ ಮನೆಯವನೇ” ಅನ್ನುತ್ತಾನಲ್ಲ, ಆ ಪಾತ್ರ ಇವರದ್ದು. ತಂದೆಯ ಮುಖವನ್ನೇ ನೋಡದವರಿಗೆ ಇಂಥ ಪಾತ್ರ ಹೇಳಿಕೊಡಬೇಕಾಗಿರಲಿಲ್ಲ. 1969ರವರೆಗೆ 112 ಕಂತು ನಡೆಯಿತು.

ಮಧ್ಯೆ ಇನ್ನೆರಡು ಸೀರಿಯಲ್ ಬಂದವು, ಅವುಗಳನ್ನು ಬಿಡೋಣ. ನಿಮ್ಮ ಅಪ್ಪನಿಗೆ ನೆನಪಿರುವುದು 1973ರಲ್ಲಿ ಶುರುವಾದದ್ದು: ‘ದಿ ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್’. ಆ ವರ್ಷ ಮೂರು ಟೆಲಿಚಿತ್ರಗಳಾಗಿ ಬಂತು. 1974ರ ಜನವರಿಯಿಂದ 1978ರ ಮಾರ್ಚ್‌ವರೆಗೆ ವಾರಕ್ಕೊಂದು ಕಂತು. ಸ್ಟೀವ್ ಆಸ್ಟಿನ್ ಎಂಬ ಗಗನಯಾತ್ರಿ, ಪರೀಕ್ಷೆಗೆಂದು ಹಾರಿಸಿದ ವಿಮಾನ ಬಿದ್ದು ನುಚ್ಚುನೂರಾಗುತ್ತಾನೆ. ಸರ್ಕಾರ ಅರುವತ್ತು ಲಕ್ಷ ಡಾಲರ್ ಸುರಿದು ಬಲಗೈ, ಎರಡೂ ಕಾಲು, ಎಡಗಣ್ಣು ಇಷ್ಟನ್ನು ಯಂತ್ರದಲ್ಲಿ ಕಟ್ಟಿ ಕೊಡುತ್ತದೆ. ಆಮೇಲೆ ಅವನು ಗಂಟೆಗೆ ನೂರು ಕಿಲೋಮೀಟರಿನ ಹತ್ತಿರ ಓಡುತ್ತಾನೆ, ಒಂದೇ ಕೈಯಲ್ಲಿ ಕಾರು ಎತ್ತುತ್ತಾನೆ. ಋಣ ತೀರಿಸಲು ಗುಪ್ತಚರರಿಗೆ ಕೆಲಸ ಮಾಡುತ್ತಾನೆ. (ಇಂಟರ್‌ನೆಟ್ಟಿನಲ್ಲಿ ಸ್ಟೀವ್ ಆಸ್ಟಿನ್ ಅಂತ ಹುಡುಕಿದರೆ ಬೋಳುತಲೆಯ ಕುಸ್ತಿಪಟುವೊಬ್ಬರು ಎದ್ದು ಬರುತ್ತಾರೆ. ಅವರು ಬೇರೆ.)

ಪ್ರತಿ ಕಂತಿನ ಶುರುವಿನಲ್ಲಿ ವಿಮಾನ ನೆಲಕ್ಕೆ ಅಪ್ಪಳಿಸಿ ಉರುಳುತ್ತದೆ. ಆ ದೃಶ್ಯ ಸ್ಟುಡಿಯೋದಲ್ಲಿ ಮಾಡಿದ್ದಲ್ಲ. 1967ರ ಮೇ 10ರಂದು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ನಾಸಾದ ಎಂ2-ಎಫ್2 ಎಂಬ ರೆಕ್ಕೆಯಿಲ್ಲದ ವಿಮಾನ ಇಳಿಯುವಾಗ ನಿಜವಾಗಿ ಹಾಗೆ ಉರುಳಿತ್ತು. ಒಳಗಿದ್ದವರು ಪೈಲಟ್ ಬ್ರೂಸ್ ಪೀಟರ್ಸನ್. ಬದುಕಿದರು, ಆದರೆ ಆಮೇಲೆ ಸೋಂಕು ತಗಲಿ ಒಂದು ಕಣ್ಣಿನ ದೃಷ್ಟಿ ಹೋಯಿತು. ಸೀರಿಯಲ್ಲಿನ ನಾಯಕನಿಗೆ ಆ ಕಣ್ಣಿನ ಜಾಗದಲ್ಲಿ ದುರ್ಬೀನಿನಂಥ ಹೊಸ ಕಣ್ಣು ಬಂತು. ಪೀಟರ್ಸನ್ ಅವರಿಗೆ ಎಲ್ಲಿಂದ ಬರಬೇಕು?

ಈಗ ನಿಮ್ಮ ಎರಡನೆಯ ಪ್ರಶ್ನೆ. ಸಾಹಸ ತಾವೇ ಮಾಡುತ್ತಿದ್ದರಾ?

ಕೆಲವನ್ನು ಮಾಡುತ್ತಿದ್ದರು. ಓಟ ಬಹುಪಾಲು ಅವರದ್ದೇ. ಆಟಗಾರನ ಮೈ, ಓಡುವ ಚಂದ ಇತ್ತು. ಆದರೆ ಎತ್ತರದಿಂದ ಬೀಳುವುದು, ಕಾರು ಮಗುಚುವುದು, ಗಾಜು ಒಡೆದು ಹೊರಗೆ ಹಾರುವುದು, ಇವಕ್ಕೆಲ್ಲ ಡೂಪ್ ಇದ್ದರು. ಇರಲೇಬೇಕಿತ್ತು. ಸಿನಿಮಾದ ಹೀರೋಗೂ ಟಿವಿ ಹೀರೋಗೂ ಇರುವ ವ್ಯತ್ಯಾಸ ನೋಡಿ. ಸಿನಿಮಾದಲ್ಲಿ ಒಂದು ಫೈಟಿಗೆ ಹತ್ತು ದಿನ ಕೊಡಬಹುದು. ಹೀರೋ ಕಾಲು ಉಳುಕಿದರೆ ಶೂಟಿಂಗ್ ಮುಂದೆ ಹಾಕಬಹುದು. ಆ ಕಾಲದ ಅಮೆರಿಕನ್ ಟಿವಿಯಲ್ಲಿ ಒಂದು ಗಂಟೆಯ ಕಂತಿಗೆ ಸಿಗುತ್ತಿದ್ದದ್ದು ಏಳೆಂಟು ದಿನ. ವರ್ಷಕ್ಕೆ ಇಪ್ಪತ್ತರ ಮೇಲೆ ಕಂತುಗಳು. ಹೀರೋ ಎರಡು ವಾರ ಮಲಗಿದರೆ ಮುಂದಿನ ವಾರ ತೋರಿಸಲು ರೀಲೇ ಇರುವುದಿಲ್ಲ. ಹಾಗಾಗಿ ಟಿವಿ ಹೀರೋನ ಮೊದಲ ಕೆಲಸ ಪೆಟ್ಟು ಮಾಡಿಕೊಳ್ಳದೆ ಇರುವುದು. ಕೇಳಲಿಕ್ಕೆ ಸಪ್ಪೆ, ಆದರೆ ಕೆಲಸ ಇರುವುದು ಅದೇ.

ದಿನ ಕಡಿಮೆ, ದುಡ್ಡು ಕಡಿಮೆ. ಹೀಗಿರುವಾಗ ಕಾರಿಗಿಂತ ವೇಗದ ಮನುಷ್ಯನನ್ನು ತೋರಿಸುವುದು ಹೇಗೆ? ಇವತ್ತಿನ ಗ್ರಾಫಿಕ್ಸ್ ಆಗ ಇರಲಿಲ್ಲ. ಎಲ್ಲರಿಗೂ ಮೊದಲು ಹೊಳೆಯುವುದು ರೀಲನ್ನು ವೇಗವಾಗಿ ಓಡಿಸುವುದು. ಆದರೆ ಹಾಗೆ ಮಾಡಿದರೆ ಮನುಷ್ಯ ಹಳೆಯ ಮೂಕಿ ಚಿತ್ರಗಳ ವಿದೂಷಕನ ಹಾಗೆ ತಕತಕ ಕುಣಿಯುತ್ತಾನೆ, ಜನ ನಗುತ್ತಾರೆ. ಈ ತಂಡ ಉಲ್ಟಾ ಮಾಡಿತು. ಮಾಮೂಲಿಗೆ ಸೆಕೆಂಡಿಗೆ 24 ಫ್ರೇಮ್ ಹಿಡಿಯುವ ಕ್ಯಾಮೆರಾವನ್ನು ಅದಕ್ಕಿಂತ ಜೋರಾಗಿ ಓಡಿಸಿದರು. ಆ ರೀಲನ್ನು ಮಾಮೂಲಿ ವೇಗದಲ್ಲಿ ತೋರಿಸಿದಾಗ ತೆರೆಯ ಮೇಲೆ ನಾಯಕ ನಿಧಾನವಾಗಿ ತೇಲುತ್ತಾ ಓಡಿದ. ತೊಡೆಯ ಬಲ, ನೆಲಕ್ಕೆ ಕಾಲು ಊರುವ ಭಾರ, ಹಾರುವ ಕೂದಲು ಎಲ್ಲ ಬಿಡಿಸಿಟ್ಟ ಹಾಗೆ ಕಂಡಿತು. ಅದರ ಕೆಳಗೆ ಆ ‘ಟಣಣಣಣ’ ಲೋಹದ ಸದ್ದು. ಪಕ್ಕದಲ್ಲೇ ವೇಗದ ಮುಳ್ಳಿನ ಒಂದು ಶಾಟ್. ಕಣ್ಣಿಗೆ ಕಾಣುತ್ತಿರುವುದು ನಿಧಾನ, ಮನಸ್ಸು ಅಂದುಕೊಳ್ಳುವುದು ವೇಗ! ಅಲ್ಲಿನ ಶಾಲೆಯ ಮೈದಾನಗಳಲ್ಲಿ ಮಕ್ಕಳು ಬಾಯಲ್ಲೇ ಆ ಸದ್ದು ಮಾಡಿಕೊಂಡು ನಿಧಾನಕ್ಕೆ ಓಡುತ್ತಿದ್ದರು. ನಮ್ಮ ಹೀರೋಗಳು ಧೂಳೆಬ್ಬಿಸಿಕೊಂಡು ನಿಧಾನಕ್ಕೆ ನಡೆದುಬರುವಾಗ ಶಿಳ್ಳೆ ಹೊಡೆಯುವವರಿಗೆ ಇದರ ರುಚಿ ಏನು ಅಂತ ವಿವರಿಸಬೇಕಾಗಿಲ್ಲ.

ಮಿಕ್ಕ ಉಪಾಯಗಳು ಇನ್ನೂ ಸರಳ. ನಾಯಕ ನೆಲದಿಂದ ಮಾಳಿಗೆಗೆ ಜಿಗಿಯಬೇಕು. ಡೂಪ್ ಮಾಳಿಗೆಯಿಂದ ಹಿಮ್ಮುಖವಾಗಿ ಕೆಳಕ್ಕೆ ಹಾರುತ್ತಿದ್ದ, ರೀಲನ್ನು ತಿರುಗಿಸಿ ಹಾಕುತ್ತಿದ್ದರು. ಅವನು ಎತ್ತುವ ಬಂಡೆ ಹಗುರ, ಬಗ್ಗಿಸುವ ಕಂಬಿ ಮೆತ್ತಗಿನದು. ಇವುಗಳನ್ನು ನಿಜ ಅನ್ನಿಸುವುದು ನಟನ ಕೆಲಸ. ಮೇಜರ್ಸ್ ಇದರಲ್ಲಿ ಗಟ್ಟಿ ಅಂತ ನನ್ನ ಅನ್ನಿಸಿಕೆ. ಭಾರ ಇಲ್ಲದ ವಸ್ತುವನ್ನು ಭಾರ ಇದೆ ಅನ್ನುವ ಹಾಗೆ ಎತ್ತುವಾಗ ಸಾಧಾರಣ ನಟರು ಮುಖ ಕಿವಿಚುತ್ತಾರೆ. ಇವರು ಮುಖ ಕದಲಿಸದೆ ಭುಜದಲ್ಲಿ, ಸೊಂಟದಲ್ಲಿ ಮಾತ್ರ ಭಾರ ತೋರಿಸುತ್ತಿದ್ದರು. ಬೆನ್ನು ಕೈಕೊಟ್ಟದ್ದನ್ನು ಅನುಭವಿಸಿದವರಿಗೆ ಭಾರ ಎಲ್ಲಿ ಬೀಳುತ್ತದೆ ಅಂತ ಗೊತ್ತಿರುತ್ತದೆ. ಇವರಿಗೆ ನಟನೆಯೇ ಬರುವುದಿಲ್ಲ, ಹುಬ್ಬು ಎತ್ತುವುದೊಂದೇ ಗೊತ್ತು ಅಂತ ಆಗಲೂ ಹೇಳುವವರಿದ್ದರು. ಸ್ವಲ್ಪ ನಿಜವೂ ಇದೆ ಅನ್ನಿ. ಆದರೆ ಅರ್ಧ ಮೈ ಯಂತ್ರವಾದ ಮನುಷ್ಯನಿಗೆ ಎಷ್ಟು ಹುಬ್ಬು ಬೇಕು?

ಸೀರಿಯಲ್ ಎಷ್ಟು ಜೋರಾಗಿ ಓಡಿತೆಂದರೆ ಸ್ಟೀವ್ ಆಸ್ಟಿನ್ ಬೊಂಬೆಗಳು ಬಂದವು. ಬೊಂಬೆಯ ತಲೆಯ ಹಿಂದೆ ಒಂದು ತೂತು, ಅದರಲ್ಲಿ ಇಣುಕಿದರೆ ಅವನ ಕಣ್ಣಿನಿಂದ ಜಗತ್ತು ಕಾಣುತ್ತದೆ. 1976ರಲ್ಲಿ ಲಿಂಡ್ಸೇ ವ್ಯಾಗ್ನರ್ ನಾಯಕಿಯಾಗಿ ಹೆಣ್ಣು ಪಾತ್ರದ ಇನ್ನೊಂದು ಸೀರಿಯಲ್ ಹುಟ್ಟಿತು. ಅದೇ ವರ್ಷ ಕುಸ್ತಿಪಟು ಆಂಡ್ರೆ ದಿ ಜೈಂಟ್ ಮೈತುಂಬ ರೋಮ ಅಂಟಿಸಿಕೊಂಡು ಕಾಡುಮನುಷ್ಯನಾಗಿ ಬಂದು ಇವರ ಜೊತೆ ಹೊಡೆದಾಡಿದರು. ನಿಮ್ಮ ಅಪ್ಪನನ್ನು ಕೇಳಿ ನೋಡಿ, ಆ ಕಂತು ಮರೆತಿರಲಾರರು.

ಹೆಂಡತಿಯ ವಿಷಯ ಹೇಳದಿದ್ದರೆ ಅರ್ಧ ಹೇಳಿದ ಹಾಗೆ. 1973ರಲ್ಲಿ ನಟಿ ಫಾರಾ ಫಾಸೆಟ್ ಅವರನ್ನು ಮದುವೆಯಾದರು. ಮದುವೆಯ ಹೊತ್ತಿಗೆ ಗಂಡ ಹೆಸರಾದವರು, ಮೂರು ವರ್ಷದಲ್ಲಿ ಹೆಂಡತಿ ಅವರನ್ನು ಮೀರಿಸಿದರು. 1979ರಲ್ಲಿ ದೂರವಾದರು, 1982ರಲ್ಲಿ ವಿಚ್ಛೇದನ. ಫಾರಾ 2009ರ ಜೂನ್ 25ರಂದು ತೀರಿಕೊಂಡರು. ಮೈಕಲ್ ಜಾಕ್ಸನ್ ಹೋದದ್ದೂ ಅದೇ ದಿನ.

ಸಿನಿಮಾದ ಪ್ರಶ್ನೆಗೆ ಬರೋಣ. ಒಂದು ಬಾಗಿಲು ಬೇಗನೆ ಮುಚ್ಚಿತ್ತು. ‘ಮಿಡ್‌ನೈಟ್ ಕೌಬಾಯ್’ ಚಿತ್ರದ ಮುಖ್ಯ ಪಾತ್ರಕ್ಕೆ ಅವಕಾಶ ಬಂದಾಗ ‘ಬಿಗ್ ವ್ಯಾಲಿ’ ಇನ್ನೊಂದು ವರ್ಷ ಮುಂದುವರಿಯುವುದು ಖಚಿತವಾಯಿತು, ಕರಾರು ಬಿಡುವ ಹಾಗಿರಲಿಲ್ಲ. ಆ ಪಾತ್ರ ಜಾನ್ ವಾಯ್ಟ್ ಅವರ ಪಾಲಾಯಿತು. ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. 1978ರ ನಂತರ ಮೇಜರ್ಸ್ ಸಾಲಾಗಿ ಚಿತ್ರಗಳನ್ನು ಮಾಡಿದರು. ಹಳೆಯ ಕಾಲದ ಕಡಲ ಯೋಧ ವೈಕಿಂಗ್ ಆದರು, ಕೊಲೆಗಡುಕ ಮೀನುಗಳ ನಡುವೆ ಈಜಿದರು. ಯಾವುದೂ ನಿಲ್ಲಲಿಲ್ಲ. ಕಾರಣ ದೊಡ್ಡದೇನಲ್ಲ. ವಾರವಾರ ಬಿಟ್ಟಿಯಾಗಿ ಮನೆಗೇ ಬರುತ್ತಿದ್ದವರನ್ನು ನೋಡಲು ಟಿಕೆಟ್ ಕೊಳ್ಳಬೇಕೇ ಅಂತ ಜನ ಯೋಚಿಸಿದರು. ಆ ಕಾಲದಲ್ಲಿ ಟಿವಿಯ ಮುಖ ಬೇರೆ, ಸಿನಿಮಾದ ಮುಖ ಬೇರೆ. ಮಧ್ಯದ ಗೋಡೆ ಹಾರಿದವರು ಕಡಿಮೆ.

ಆ ಚಿತ್ರಗಳಲ್ಲಿ ಒಂದರ ಬಗ್ಗೆ ಮಾತ್ರ ನಿಂತು ಹೇಳಬೇಕು. ಹೆಸರು ‘ಸ್ಟೀಲ್’. ಗಗನಚುಂಬಿ ಕಟ್ಟಡ ಕಟ್ಟುವ ಕಬ್ಬಿಣದ ಕೆಲಸಗಾರರ ಕಥೆ. 1978ರ ಸೆಪ್ಟೆಂಬರಿನಲ್ಲಿ ಶೂಟಿಂಗ್ ನಡೆದದ್ದು ಮೇಜರ್ಸ್ ಬೆಳೆದ ಕೆಂಟಕಿ ರಾಜ್ಯದಲ್ಲೇ, ಲೆಕ್ಸಿಂಗ್ಟನ್ ನಗರದಲ್ಲಿ ಆಗ ಮೇಲೇಳುತ್ತಿದ್ದ ಕಿನ್‌ಕೇಡ್ ಟವರ್ಸ್ ಮೇಲೆ. ಎ.ಜೆ. ಬಕುನಸ್ ಎಂಬ 27 ವರ್ಷದ ಸ್ಟಂಟ್ ಕಲಾವಿದ ಇನ್ನೊಬ್ಬ ನಟ ಜಾರ್ಜ್ ಕೆನಡಿಗೆ ಡೂಪ್ ಆಗಿದ್ದ. ಕೆಳ ಮಹಡಿಯೊಂದರಿಂದ ಬಿದ್ದು ಬೇಕಾದ ಶಾಟ್ ಕೊಟ್ಟಾಗಿತ್ತು. ಅಷ್ಟರಲ್ಲಿ ಅತಿ ಎತ್ತರದಿಂದ ಬೀಳುವುದರಲ್ಲಿ ತಾನು ಹಿಂದೆ ಮಾಡಿದ್ದ ದಾಖಲೆಯನ್ನು ಇನ್ನೊಬ್ಬ ಮುರಿದ ಸುದ್ದಿ ತಿಳಿಯಿತು. ಮತ್ತೆ ಹತ್ತಿದ, ಈ ಸಲ ತುದಿಗೆ. 22 ಮಹಡಿ, 315 ಅಡಿ. ಕೆಳಗೆ ಸೇರಿದ್ದ ಜನರ ನಡುವೆ ಅವನ ತಂದೆಯೂ ಇದ್ದರು. ಬಿದ್ದ ರೀತಿಯಲ್ಲಿ ತಪ್ಪಿರಲಿಲ್ಲ, ಏರ್‌ಬ್ಯಾಗಿನ ಮೇಲೇ ಬಿದ್ದ. ಏರ್‌ಬ್ಯಾಗ್ ಹರಿಯಿತು. ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು.

ಅದಾಗಿ ಮೂರು ವರ್ಷಕ್ಕೆ ಮೇಜರ್ಸ್ ‘ದಿ ಫಾಲ್ ಗೈ’ ಶುರು ಮಾಡಿದರು. ಅದರ ನಾಯಕ ಒಬ್ಬ ಡೂಪ್. ಸಿನಿಮಾದಲ್ಲಿ ಬೇರೆಯವರ ಬದಲು ಬಿದ್ದು ಏಳುತ್ತಾನೆ. ಆ ದುಡ್ಡು ಸಾಲದೆ, ಜಾಮೀನು ತಪ್ಪಿಸಿ ಓಡಿಹೋದವರನ್ನು ಹಿಡಿದು ತರುವ ಕೆಲಸವನ್ನೂ ಮಾಡುತ್ತಾನೆ. ಮನೆಯ ಹೊರಗೆ ಬಯಲಲ್ಲೇ ಸ್ನಾನದ ತೊಟ್ಟಿ, ಓಡಾಡಲು ಎತ್ತರದ ಒಂದು ಜಿಎಂಸಿ ಪಿಕಪ್. ಆ ಪಿಕಪ್ ಹಳ್ಳ ದಿಬ್ಬ ಹಾರದ ವಾರ ಇಲ್ಲ. ಹಾಗೆ ಹಾರಿ ಬಿದ್ದ ಗಾಡಿ ಮತ್ತೆ ಕೆಲಸಕ್ಕೆ ಬರುತ್ತಿದ್ದದ್ದು ಅಪರೂಪ, ಚಾಸಿಯೇ ಬಾಗುತ್ತಿತ್ತು. ಹಾಸ್ಯವೇ ಜಾಸ್ತಿ ಇದ್ದ ಸೀರಿಯಲ್ ಅದು. ಹಾಗಿದ್ದೂ, ಹೆಸರು ಹೊರಗೆ ಬಾರದ ಜನರನ್ನು ಐದು ವರ್ಷ ವಾರವಾರ ನಾಯಕನ ಜಾಗದಲ್ಲಿ ನಿಲ್ಲಿಸಿತು. ಶೀರ್ಷಿಕೆ ಗೀತೆಯನ್ನು ಮೇಜರ್ಸ್ ತಾವೇ ಹಾಡಿದರು. ಹೀರೋಯಿನ್ನುಗಳಿಗಾಗಿ ಮೈ ಮುರಿದುಕೊಂಡರೂ ಕೊನೆಗೆ ಅವರು ಹೋಗುವುದು ಹೀರೋ ಜೊತೆ ಅಂತ ಗೊಣಗುವ ಡೂಪ್‌ನ ಹಾಡು. ಅದರ ಮೊದಲ ಸಾಲಿನಲ್ಲೇ ಫಾರಾ ಹೆಸರು ಬರುತ್ತದೆ. ಆ ಹೊತ್ತಿಗೆ ಇಬ್ಬರೂ ದೂರವಾಗಿದ್ದರು ಅನ್ನುವುದನ್ನು ನೆನೆದರೆ, ಹಾಡಿದ ಮನುಷ್ಯನಿಗೆ ತನ್ನನ್ನೇ ನೋಡಿ ನಗಲು ಬರುತ್ತಿತ್ತು ಅಂತ ತಿಳಿಯುತ್ತದೆ.

ಡೂಪ್‌ಗಳ ಮಾತು ಬಂದಾಗ ನಮ್ಮಲ್ಲಿಯದ್ದನ್ನೂ ಹೇಳದಿರಲಾರೆ. 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಒಂದು ಕನ್ನಡ ಚಿತ್ರದ ಸಾಹಸ ದೃಶ್ಯಕ್ಕೆ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ನಟರು ಮುಳುಗಿ ಸತ್ತರು. ಲೆಕ್ಸಿಂಗ್ಟನ್‌ನಲ್ಲಿ ಹರಿದದ್ದು ಏರ್‌ಬ್ಯಾಗ್, ಇಲ್ಲಿ ಮೈಮೇಲೆ ಲೈಫ್ ಜಾಕೆಟ್ಟೇ ಇರಲಿಲ್ಲ. ಇನ್ನೊಂದು ಕಡೆ ಸಂತೋಷದ ಸುದ್ದಿಯೂ ಇದೆ. ‘ಕೆಜಿಎಫ್’ ಮೊದಲ ಭಾಗದ ಸಾಹಸಕ್ಕೆ ವಿಕ್ರಂ ಮೋರ್ ಮತ್ತು ಅನ್ಬರಿವ್ ಜೋಡಿಗೆ ರಾಷ್ಟ್ರಪ್ರಶಸ್ತಿ ಬಂತು. ಆಸ್ಕರಿನವರು ಸ್ಟಂಟ್ ವಿನ್ಯಾಸಕ್ಕೆ ಪ್ರಶಸ್ತಿ ಕೊಡುತ್ತೇವೆ ಅಂತ ಘೋಷಿಸಿದ್ದೇ 2025ರಲ್ಲಿ, ಅದೂ 2027ರಲ್ಲಿ ತೆರೆಕಾಣುವ ಚಿತ್ರಗಳಿಂದ ಶುರು. ಈ ಒಂದು ವಿಷಯದಲ್ಲಿ ನಾವು ಹಾಲಿವುಡ್‌ಗಿಂತ ಮುಂದೆ.

1986ರ ನಂತರದ್ದನ್ನು ಬೇಗ ಹೇಳಿಬಿಡುತ್ತೇನೆ. ಹಾಲಿವುಡ್‌ನ ಪಾದಚಾರಿ ದಾರಿಯಲ್ಲಿ ಹೆಸರು ಕೆತ್ತಿದ ನಕ್ಷತ್ರ 1984ರಲ್ಲೇ ಬಂದಿತ್ತು. ಸ್ಟೀವ್ ಆಸ್ಟಿನ್ ಆಗಿ ಮೂರು ಟೆಲಿಚಿತ್ರಗಳಲ್ಲಿ ಮತ್ತೆ ಬಂದರು. 1989ರದ್ದರಲ್ಲಿ ಆಗಿನ್ನೂ ಯಾರಿಗೂ ಗೊತ್ತಿಲ್ಲದ ಸಾಂಡ್ರಾ ಬುಲಕ್ ಇದ್ದರು. 2016ರಲ್ಲಿ ‘ಆಶ್ ವರ್ಸಸ್ ಈವಿಲ್ ಡೆಡ್’ ಸೀರಿಯಲ್ಲಿನಲ್ಲಿ ನಾಯಕನ ಒರಟು, ತುಂಟ ಅಪ್ಪನಾಗಿ ಬಂದರು. ಎಪ್ಪತ್ತೇಳರ ವಯಸ್ಸಿನಲ್ಲಿ ಅಷ್ಟು ಮಜವಾಗಿ ಮಾಡಿದ್ದಾರೆ. ನಟನೆ ಬಾರದವರು ಅಂದವರಿಗೆ ಅದನ್ನು ತೋರಿಸಬೇಕು.

ನೀವು ನೋಡಿದ 2024ರ ಚಿತ್ರದ ನಿರ್ದೇಶಕ ಡೇವಿಡ್ ಲೀಚ್ ಕೂಡ ಮೊದಲು ಡೂಪ್ ಆಗಿದ್ದವರೇ, ಬ್ರಾಡ್ ಪಿಟ್ ಬದಲು ಬೀಳುತ್ತಿದ್ದವರು. ಆ ಚಿತ್ರದಲ್ಲಿ ಸಮುದ್ರದಂಡೆಯ ಮರಳಿನಲ್ಲಿ ಕಾರೊಂದು ಎಂಟೂವರೆ ಸಲ ಉರುಳುತ್ತದೆ, ಅದು ಗಿನ್ನೆಸ್ ದಾಖಲೆ. ಒಳಗೆ ಕೂತಿದ್ದವರು ಲೋಗನ್ ಹಾಲಡೇ. ಕೊನೆಯ ಹೆಸರುಗಳ ಜೊತೆ ಆ ಶೂಟಿಂಗಿನ ತುಣುಕುಗಳನ್ನೂ ಹಾಕಿದ್ದಾರೆ, ಮೇಜರ್ಸ್ ಬರುವ ದೃಶ್ಯಕ್ಕೆ ಸ್ವಲ್ಪ ಮೊದಲು. ಅಪ್ಪ ಎದ್ದು ಕೂತ ಗಡಿಬಿಡಿಯಲ್ಲಿ ತಪ್ಪಿಹೋಗಿದ್ದರೆ ಇನ್ನೊಂದು ಸಲ ಹಾಕಿ ನೋಡಿ.